ಬಾಡಿಗೆ ಮನೆಯಲ್ಲಿ ಪೆಟ್ಟಾದವರ ದಾವೆ ಇರುವಾಗ ಆ ಮನೆ ಮಾರಬಹುದೇ?



ನಮ್ಮ ಸಂಘಗಳಲ್ಲಿ ಎರಡು ಬಗೆಯ ಅಕ್ಕಂದಿರು ಇದ್ದಾರೆ. ಸಂಘದ ಸಾಲ, ಗಂಡನ ದುಡಿಮೆ, ಮಗ ಗಲ್ಫಿನಿಂದ ಕಳಿಸಿದ ಹಣ ಎಲ್ಲ ಒಟ್ಟು ಸೇರಿಸಿ ಮನೆಯ ಹಿಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟವರು ಒಂದು ಕಡೆ. ಅದೇ ಕೋಣೆಗಳಲ್ಲಿ ಬಿಡಾರ ಮಾಡಿ ರಬ್ಬರ್ ಟ್ಯಾಪಿಂಗಿಗೋ ಅಡಿಕೆ ಸುಲಿಯಲಿಕ್ಕೋ ಹೋಗುವವರು, ಬೀಡಿ ಕಟ್ಟುವವರು ಇನ್ನೊಂದು ಕಡೆ. ಎಷ್ಟೋ ಸಲ ಇಬ್ಬರೂ ವಾರದ ಸಭೆಯಲ್ಲಿ ಒಂದೇ ಚಾಪೆಯ ಮೇಲೆ ಕೂರುವವರು. ಆದ್ದರಿಂದ ಈ ಪಾಠವನ್ನು ಇಬ್ಬರೂ ಓದಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳುವ. ಇದು ಪಾಠಕ್ಕಾಗಿ ಕಲ್ಪಿಸಿದ್ದು, ಯಾರ ಮನೆಯ ಸುದ್ದಿಯೂ ಅಲ್ಲ. ನೆರಿಯದಲ್ಲಿ 8 ಸೆಂಟ್ಸ್ ಜಾಗ, ಅದರಲ್ಲಿ ಹಂಚಿನ ಮಾಡಿನ ಒಂದು ಸಣ್ಣ ಮನೆ, ಬಾಡಿಗೆಗೆ ಕೊಟ್ಟದ್ದು. ಹೊರಗಿನ ಬಚ್ಚಲಿಗೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲು ಸಡಿಲವಾಗಿತ್ತು. ಬಿಡಾರದ ಅಕ್ಕ ಎರಡು ಸಲ ಹೇಳಿದ್ದರು. "ಮಳೆ ಬಿಡ್ಲಿ ಅಕ್ಕ, ಮೇಸ್ತ್ರಿಯನ್ನು ಕಳಿಸ್ತೇನೆ" ಅಂತ ಮನೆಯ ಅಕ್ಕ ಹೇಳಿದ್ದೂ ಹೌದು. ಜುಲೈ ತಿಂಗಳ ಒಂದು ಬೆಳಿಗ್ಗೆ ಕಲ್ಲು ಜಾರಿ ಬಿಡಾರದ ಅಕ್ಕ ಬಿದ್ದರು, ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಕೆಲಸ ಇಲ್ಲ. ಮನೆಯ ಅಕ್ಕ ಆಸ್ಪತ್ರೆಗೆ ಹಣ್ಣು ತಕ್ಕೊಂಡು ಹೋಗಿ ನೋಡಿ ಬಂದರು, ಆದರೆ ಬಿಲ್ಲಿನ ಮಾತು ಎತ್ತಲಿಲ್ಲ. ವರ್ಷ ಕಳೆಯುವುದರೊಳಗೆ ಬೆಳ್ತಂಗಡಿ ಕೋರ್ಟಿನಿಂದ ಸಮನ್ಸ್ ಬಂತು. 4 ಲಕ್ಷ ರೂಪಾಯಿ ಪರಿಹಾರ ಬೇಕೆಂದು ದಾವೆ. ಅದೇ ಹೊತ್ತಿಗೆ ಮನೆಯ ಅಕ್ಕನ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಫೀಸಿಗೆಂದು ಆ ಮನೆಯನ್ನೇ ಮಾರುವುದೆಂದು ತೀರ್ಮಾನವಾಗಿದೆ, ಗಿರಾಕಿಯೂ ಬಂದಿದ್ದಾರೆ.

ಇಂಥ ಹೊತ್ತಿನಲ್ಲಿ ಊರಿನಲ್ಲಿ ಮೂರು ಬುದ್ಧಿಮಾತು ಸಿಗುತ್ತದೆ. "ಕೇಸು ಇರುವಾಗ ಮಾರ್ಲಿಕ್ಕೇ ಆಗುದಿಲ್ಲ" ಎಂದು ಒಬ್ಬರು. "ಬೇಗ ಮಾರಿ ಬಿಡಿ, ಮನೆ ಹೋದ್ರೆ ಕೇಸೂ ಹೋಯ್ತು" ಎಂದು ಇನ್ನೊಬ್ಬರು. "ಸದ್ಯಕ್ಕೆ ತಮ್ಮನ ಹೆಸರಿಗೆ ಬರೆದಿಡಿ" ಎಂದು ಮೂರನೆಯವರು. ಮೂರೂ ತಪ್ಪು. ಮೂರನೆಯದು ತಪ್ಪು ಮಾತ್ರ ಅಲ್ಲ, ಅಪಾಯ.

ದಾವೆ ಮನೆಯ ಮೇಲಲ್ಲ, ಮನೆಯವರ ಮೇಲೆ

ಕೋರ್ಟಿನಲ್ಲಿ ಆಸ್ತಿಗಾಗಿ ನಡೆಯುವ ದಾವೆ ಬೇರೆ, ಹಣಕ್ಕಾಗಿ ನಡೆಯುವ ದಾವೆ ಬೇರೆ. "ಈ ಜಾಗದಲ್ಲಿ ನನಗೂ ಪಾಲು ಉಂಟು" ಎಂದು ಅಕ್ಕತಂಗಿಯರು ಹಾಕುವ ದಾವೆಯಲ್ಲಿ ಜಾಗದ ಹಕ್ಕೇ ಪ್ರಶ್ನೆ. ಅಂಥ ದಾವೆ ಇರುವಾಗ ಮಾರಿದರೆ ಕೊಂಡವರೂ ಆ ತೀರ್ಪಿಗೆ ತಲೆಬಾಗಬೇಕು ಎಂದು ಆಸ್ತಿ ವರ್ಗಾವಣೆ ಕಾಯಿದೆ, 1882ರ 52ನೇ ಕಲಂ ಹೇಳುತ್ತದೆ. ಬಿದ್ದು ಪೆಟ್ಟಾದವರ ದಾವೆ ಈ ಬಗೆಯದ್ದಲ್ಲ. ಬಿಡಾರದ ಅಕ್ಕ ಕೇಳುವುದು ಮನೆಯನ್ನಲ್ಲ, ಆಸ್ಪತ್ರೆ ಖರ್ಚು, ಹೋದ ಸಂಬಳ ಮತ್ತು ಅನುಭವಿಸಿದ ನೋವಿಗೆ ಪರಿಹಾರ. ಅದು ಮನೆಯ ಅಕ್ಕನ ವೈಯಕ್ತಿಕ ಹೊಣೆ. ಹಾಗಾಗಿ ದಾವೆ ಇದೆ ಎಂಬ ಒಂದೇ ಕಾರಣಕ್ಕೆ ಮಾರಾಟಕ್ಕೆ ತಡೆ ಬರುವುದಿಲ್ಲ.

ಇದನ್ನು ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ರಮಣ್ ಟೆಕ್ ಮತ್ತು ಸೋಲಂಕಿ ಟ್ರೇಡರ್ಸ್ ನಡುವಿನ ಪ್ರಕರಣದಲ್ಲಿ 2007ರಲ್ಲಿ ಕೊಟ್ಟ ತೀರ್ಪಿನಲ್ಲಿ, ಯಾರೋ ದಾವೆ ಹಾಕಿದರು ಎಂಬ ಮಾತ್ರಕ್ಕೆ ಪ್ರತಿವಾದಿ ತನ್ನ ಆಸ್ತಿಯ ವ್ಯವಹಾರ ಮಾಡಬಾರದು ಎಂದಿಲ್ಲ ಎಂದಿತು. ಅದು ವ್ಯಾಪಾರದ ಬಾಕಿ ಹಣದ ಪ್ರಕರಣ, ಆದರೆ ನಿಯಮ ಎಲ್ಲ ಹಣದ ದಾವೆಗೂ ಒಂದೇ.

ಇಷ್ಟು ಓದಿ ಸಮಾಧಾನಪಟ್ಟು ಪುಸ್ತಕ ಮುಚ್ಚಬೇಡಿ. ದಾವೆ ವ್ಯಕ್ತಿಯ ಮೇಲಿನದ್ದು ಆದ ಕಾರಣವೇ ಮನೆ ಮಾರಿದರೂ ಅದು ಹೋಗುವುದಿಲ್ಲ. ಮನೆ ಬೇರೆಯವರ ಕೈ ಸೇರಿದರೂ ಪ್ರತಿವಾದಿಯ ಜಾಗದಲ್ಲಿ ಮನೆಯ ಅಕ್ಕನ ಹೆಸರೇ ಉಳಿಯುತ್ತದೆ. ತೀರ್ಪು ವಿರುದ್ಧವಾದರೆ ಆ ಡಿಕ್ರಿಯನ್ನು ಜಾರಿ ಮಾಡಲು ಗೆದ್ದವರಿಗೆ 12 ವರ್ಷ ಅವಕಾಶ ಇದೆ. ಬ್ಯಾಂಕಿನಲ್ಲಿಟ್ಟ ಹಣ, ಬೇರೆ ಜಾಗ, ಯಾವುದನ್ನಾದರೂ ಜಪ್ತಿ ಮಾಡಿಸಲು ಕೇಳಬಹುದು. ಅವರು ತೀರಿಹೋದರೆ ಮಕ್ಕಳಿಗೆ ಬಂದ ಆಸ್ತಿಯಷ್ಟರ ಮಟ್ಟಿಗೆ ಮಕ್ಕಳ ಮೇಲೂ ಬರುತ್ತದೆ.

ಕೆಲವು ರಕ್ಷಣೆಗಳೂ ಇವೆ, ಅದನ್ನೂ ತಿಳಿದಿರಿ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಿ ಜೈಲಿಗೆ ಕಳಿಸುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂನಲ್ಲಿ ಇದು ಖಡಾಖಂಡಿತವಾಗಿ ಇದೆ. "ಪೊಲೀಸರು ಎಳ್ಕೊಂಡು ಹೋಗ್ತಾರೆ" ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. 60ನೇ ಕಲಂ ಪ್ರಕಾರ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ, ಇವು ಜಪ್ತಿಗೆ ಸಿಗುವುದಿಲ್ಲ. ಕೃಷಿಕರು, ಕೂಲಿಯವರು ತಾವೇ ವಾಸ ಇರುವ ಮನೆಗೂ ರಕ್ಷಣೆ ಇದೆ. ಆದರೆ ಬಾಡಿಗೆಗೆ ಕೊಟ್ಟ ಮನೆಗೆ ಈ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ವಾಸ ಇರುವುದು ಬೇರೆಯವರು.

ಬಿದ್ದದ್ದಕ್ಕೆಲ್ಲ ಮನೆಯವರೇ ಹೊಣೆಯೇ?

ಅಲ್ಲ. ನಮ್ಮ ಕಾನೂನಿನಲ್ಲಿ, ಕರಾರಿನಲ್ಲಿ ಬರೆಯದಿದ್ದರೆ ಮನೆ ಕೊಟ್ಟವರೇ ಎಲ್ಲ ರಿಪೇರಿ ಮಾಡಿಸಬೇಕು ಎಂದಿಲ್ಲ. ಬಾಡಿಗೆಗೆ ಇರುವವರೂ ಮನೆಯನ್ನು ಜಾಗ್ರತೆಯಿಂದ ನೋಡಿಕೊಳ್ಳಬೇಕು. ಆದರೆ ಮೇಲ್ನೋಟಕ್ಕೆ ಕಾಣದ ದೋಷ ಇದ್ದು, ಅದು ಮನೆಯವರಿಗೆ ಗೊತ್ತಿದ್ದರೆ, ಅದನ್ನು ಮೊದಲೇ ಹೇಳಬೇಕು (108ನೇ ಕಲಂ). ಒಳಗೊಳಗೇ ಗೆದ್ದಲು ತಿಂದ ಪಕ್ಕಾಸು, ಅರ್ತಿಂಗ್ ಇಲ್ಲದ ವಯರಿಂಗ್, ಕಟ್ಟೆ ಸಡಿಲವಾದ ಬಾವಿ, ಇಂಥವು. ಕೋರ್ಟು ಮುಖ್ಯವಾಗಿ ನೋಡುವುದು ಇಷ್ಟು: ಆ ಜಾಗ ಯಾರ ಸುಪರ್ದಿಯಲ್ಲಿತ್ತು, ದೋಷ ಯಾರಿಗೆ ಗೊತ್ತಿತ್ತು, ರಿಪೇರಿ ಮಾಡುತ್ತೇನೆ ಎಂದು ಯಾರು ಒಪ್ಪಿದ್ದರು, ಬಿದ್ದವರದ್ದೂ ಅಜಾಗ್ರತೆ ಇತ್ತೇ.

ಕಟ್ಟಡದ ಯಜಮಾನರ ಹೊಣೆ ಎಷ್ಟು ದೊಡ್ಡದು ಎಂಬುದಕ್ಕೆ ದೆಹಲಿಯ ಒಂದು ಹಳೆಯ ಪ್ರಕರಣ ಇದೆ. ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತರು. ಗೋಪುರ ನಗರಸಭೆಯದ್ದು, ಸುಮಾರು 80 ವರ್ಷ ಹಳೆಯದು. ಆ ಗಾರೆಯ ಕಟ್ಟಡದ ಆಯುಸ್ಸು 40-45 ವರ್ಷ ಎಂದು ತಜ್ಞರು ಹೇಳಿದ್ದರು. "ದೋಷ ನಮ್ಮ ಕಣ್ಣಿಗೆ ಕಾಣುವಂತಿರಲಿಲ್ಲ" ಎಂಬ ವಾದವನ್ನು ಸುಪ್ರೀಂ ಕೋರ್ಟು 1966ರಲ್ಲಿ ಒಪ್ಪಲಿಲ್ಲ. ರಸ್ತೆಬದಿ ಕಟ್ಟಡ ಇಟ್ಟುಕೊಂಡವರು ಅದನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕಿತ್ತು ಎಂದಿತು. ಅದು ದಾರಿಹೋಕರ ವಿಷಯ, ಬಾಡಿಗೆದಾರರದ್ದಲ್ಲ. ಆದರೂ ನಮ್ಮ ಹಳೆಯ ಗೋಡೆಗಳ ಬಗ್ಗೆ ಯೋಚಿಸುವಂತೆ ಮಾಡುತ್ತದೆ.

"ಮಳೆಗೆ ಬಿತ್ತು, ನಾವೇನು ಮಾಡುವುದು?" ಎಂಬ ಉತ್ತರವೂ ಅಷ್ಟು ಸುಲಭದಲ್ಲಿ ನಡೆಯುವುದಿಲ್ಲ. 2019ರ ಆಗಸ್ಟಿನಲ್ಲಿ ನೆರಿಯ, ಚಾರ್ಮಾಡಿ ಕಡೆ ಬಂದ ನೆರೆಯಂಥದ್ದು ಬೇರೆ ಮಾತು. ಪ್ರತಿ ವರ್ಷ ಬರುವ ಆಟಿಯ ಮಳೆ ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆ ತಕ್ಕಂತೆ ಗೋಡೆ, ಮೆಟ್ಟಿಲು ಗಟ್ಟಿ ಇರಬೇಕು ಎಂದೇ ಕೋರ್ಟು ಕೇಳುತ್ತದೆ. 2024ರ ಜೂನ್ 26ರಂದು ಉಳ್ಳಾಲದ ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಗೋಡೆ ಬಿರುಕು ಬಿಟ್ಟಾಗ ನೋಡದೆ ಹೋದರೆ ಏನಾಗುತ್ತದೆ ಎಂದು ಹೇಳಲು ಬೇರೆ ಉದಾಹರಣೆ ಬೇಡ. ಪ್ರಾಣ ಹೋದರೆ ಅಥವಾ ಗಂಭೀರ ಗಾಯವಾದರೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸು ಪ್ರತ್ಯೇಕವಾಗಿ ನಡೆಯಬಹುದು. ಅದು ಹಣದ ದಾವೆಯೊಟ್ಟಿಗೆ ಮುಗಿಯುವುದಲ್ಲ.

ನಮ್ಮ ಉದಾಹರಣೆಯಲ್ಲಿ ಮೆಟ್ಟಿಲಿನ ದೋಷ ಹೇಳಿದ್ದೂ ಆಗಿದೆ, "ಮೇಸ್ತ್ರಿಯನ್ನು ಕಳಿಸ್ತೇನೆ" ಎಂದು ಒಪ್ಪಿದ್ದೂ ಆಗಿದೆ. ಮನೆಯ ಅಕ್ಕನ ಪಕ್ಷ ಗಟ್ಟಿ ಇಲ್ಲ ಎಂದೇ ಹೇಳಬೇಕು.

ತಮ್ಮನ ಹೆಸರಿಗೆ ಬರೆದಿಟ್ಟರೆ?

ಇಲ್ಲಿಯೇ ಹೆಚ್ಚು ಜನ ಎಡವುವುದು. ಹಣ ಕೊಡಬೇಕಾದವರಿಗೆ ತಪ್ಪಿಸುವ ಅಥವಾ ಸತಾಯಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ರದ್ದು ಮಾಡಿಸಲು 53ನೇ ಕಲಂ ದಾರಿ ಕೊಡುತ್ತದೆ. ದಾನಪತ್ರ, ಹಕ್ಕುಬಿಡುಗಡೆ, ಹಣ ಕೈಬದಲಾಗದೆ ಕಾಗದದಲ್ಲಿ ಮಾತ್ರ ಮಾಡಿದ ಕ್ರಯ, ಯಾವ ಹೆಸರಿಟ್ಟರೂ ಕೋರ್ಟು ಉದ್ದೇಶವನ್ನು ನೋಡುತ್ತದೆ. ಸಮನ್ಸ್ ಬಂದ ಮರುತಿಂಗಳೇ ತಮ್ಮನಿಗೆ ದಾನಪತ್ರ ಬರೆದುಕೊಟ್ಟರೆ ಉದ್ದೇಶ ಏನು ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಸರಿಯಾದ ಬೆಲೆ ಕೊಟ್ಟು, ಒಳ್ಳೆಯ ನಂಬಿಕೆಯಿಂದ ಕೊಂಡ ಹೊರಗಿನವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಸುಮ್ಮನೆ ಹೆಸರು ಕೊಟ್ಟ ತಮ್ಮನಿಗೆ ಆ ರಕ್ಷಣೆ ಇಲ್ಲ, ಅವನೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಮುಂದೆ ತಮ್ಮ ಮನೆಯನ್ನು ಹಿಂದಕ್ಕೆ ಕೊಡುತ್ತಾನೋ ಇಲ್ಲವೋ ಎಂಬುದು ಇನ್ನೊಂದು ಕಥೆ. ಅದನ್ನು ನೀವೇ ಕಂಡಿರುತ್ತೀರಿ.

ಇದರ ಜೊತೆಗೆ ತೀರ್ಪಿಗೆ ಮುಂಚಿನ ಜಪ್ತಿ ಎಂಬುದೊಂದಿದೆ (ಆದೇಶ 38, ನಿಯಮ 5). ಮುಂದೆ ಬರಬಹುದಾದ ಡಿಕ್ರಿಯನ್ನು ತಪ್ಪಿಸಲೆಂದೇ ಪ್ರತಿವಾದಿ ಆಸ್ತಿ ಮಾರಲು ಹೊರಟಿದ್ದಾರೆ ಎಂದು ವಾದಿ ಕೋರ್ಟಿಗೆ ಮನವರಿಕೆ ಮಾಡಿದರೆ, ಕೋರ್ಟು ಮೊದಲು ಜಾಮೀನು ಅಥವಾ ಭದ್ರತೆ ಕೇಳುತ್ತದೆ, ಕೊಡದಿದ್ದರೆ ಮನೆಯನ್ನು ಜಪ್ತಿ ಮಾಡುತ್ತದೆ. ಜಪ್ತಿಯಾದ ಮೇಲೆ ಮಾಡಿದ ಮಾರಾಟ ಆ ದಾವೆಯ ಹಣದ ಮಟ್ಟಿಗೆ ನಿಲ್ಲುವುದಿಲ್ಲ. ಇದು ಕಠಿಣ ಕ್ರಮ, ಕೇಳಿದವರಿಗೆಲ್ಲ ಕೊಡಬಾರದು ಎಂದು ಮೇಲೆ ಹೇಳಿದ 2007ರ ತೀರ್ಪಿನಲ್ಲೇ ಇದೆ. ಆದರೆ ಕದ್ದುಮುಚ್ಚಿ ಮಾರಲು ಹೊರಟವರು ಆ ಕಠಿಣ ಕ್ರಮಕ್ಕೆ ತಾವಾಗಿಯೇ ಕಾರಣ ಕೊಟ್ಟಂತೆ. ಬಹಿರಂಗವಾಗಿ, ಮಾರುಕಟ್ಟೆ ಬೆಲೆಗೆ, ಮಗಳ ಫೀಸಿನ ದಾಖಲೆ ಕೈಯಲ್ಲಿಟ್ಟುಕೊಂಡು ಮಾರುವವರ ಮೇಲೆ ಆ ಅಪವಾದ ಹೊರಿಸುವುದು ಕಷ್ಟ.

ಮಾರುವುದಾದರೆ ಹೇಗೆ?

ಮೊದಲ ಕೆಲಸ ಮಾರಾಟವಲ್ಲ, ಸಮನ್ಸಿಗೆ ಉತ್ತರ. ಸಮನ್ಸ್ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಗಿರಾಕಿಯ ಹಿಂದೆ ಓಡಾಡಿ ಇದನ್ನು ಮರೆತರೆ ದಾವೆ ಏಕಪಕ್ಷೀಯವಾಗಿ ತೀರ್ಮಾನವಾಗಿ ಹೋಗುತ್ತದೆ. ಸಮನ್ಸ್ ತಕ್ಕೊಳ್ಳದೆ ಬಾಗಿಲು ಹಾಕಿಕೊಳ್ಳುವುದೂ ಪ್ರಯೋಜನವಿಲ್ಲ, ಬಾಗಿಲಿಗೆ ಅಂಟಿಸಿ ಹೋದರೂ ಅದು ತಲುಪಿದಂತೆ ಆಗಬಹುದು.

ಮುರಿದ ಮೆಟ್ಟಿಲನ್ನು ಏನು ಮಾಡುವುದು? ಇನ್ನೊಬ್ಬರು ಬೀಳದಂತೆ ಸರಿಪಡಿಸಲೇಬೇಕು. ಆದರೆ ಅದಕ್ಕೆ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ವಕೀಲರಿಗೆ ತಿಳಿಸಿ. ಬೇಕಾದರೆ ಕೋರ್ಟೇ ಕಮಿಷನರರನ್ನು ಕಳಿಸಿ ಸ್ಥಳ ಪರಿಶೀಲನೆ ಮಾಡಿಸುತ್ತದೆ. ಗಿರಾಕಿಗೆ ಚಂದ ಕಾಣಲಿ ಎಂದು ರಾತ್ರೋರಾತ್ರಿ ಕಲ್ಲು ಬದಲಿಸಿದರೆ ಸಾಕ್ಷ್ಯ ಅಳಿಸಿದಂತೆ ತೋರುತ್ತದೆ.

ಗಿರಾಕಿಗೆ ದಾವೆಯ ವಿಷಯ ಹೇಳಬೇಕೇ? ಹೇಳಬೇಕು. ಹಣದ ದಾವೆ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ ಎಂಬುದು ನಿಜ. ಹಾಗೆಂದು ಅದು ಗುಟ್ಟಾಗಿ ಉಳಿಯುವುದೂ ಇಲ್ಲ. ತಾಲೂಕು ಕೋರ್ಟಿನ ಕೇಸುಗಳನ್ನು ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಯಾರೂ ಹುಡುಕಬಹುದು. ಮುಖ್ಯ ವಿಷಯ ಇನ್ನೊಂದಿದೆ. ದಸ್ತಾವೇಜು ಬರೆಯುವವರು ಕ್ರಯಪತ್ರದಲ್ಲಿ ರೂಢಿಯಂತೆ ಒಂದು ಸಾಲು ಹಾಕುತ್ತಾರೆ: ಈ ಸ್ವತ್ತಿನ ಮೇಲೆ ಸಾಲ, ಜಪ್ತಿ, ದಾವೆ, ಜೀವನಾಂಶದ ಹಕ್ಕು ಯಾವುದೂ ಇರುವುದಿಲ್ಲ, ಮುಂದೆ ಕಂಡುಬಂದರೆ ಮಾರಿದವರೇ ನಷ್ಟ ಭರ್ತಿ ಮಾಡತಕ್ಕದ್ದು ಎಂದು. ಓದದೆ ಸಹಿ ಹಾಕುವ ಸಾಲು ಅದು. ದಾವೆ ಇದ್ದೂ ಅದಕ್ಕೆ ಸಹಿ ಹಾಕಿದರೆ ಒಂದು ಕೇಸು ಇದ್ದದ್ದು ಎರಡಾಗುತ್ತದೆ, ಎರಡನೆಯದರಲ್ಲಿ ಕೊಂಡವರೇ ವಾದಿ. ಬದಲಿಗೆ ದಾವೆಯ ನಂಬ್ರ ಬರೆದು, ಅದು ಹಣದ ದಾವೆ, ಅದರ ಹೊಣೆ ಪೂರ್ತಿ ಮಾರಿದವರದ್ದು, ಕೊಂಡವರಿಗೆ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಬರೆಸಿ. ಗಿರಾಕಿ ಸ್ವಲ್ಪ ಬೆಲೆ ಇಳಿಸಲು ನೋಡಬಹುದು. ಕರಾರಿನಲ್ಲೇ ಒಂದಿಷ್ಟು ಹಣವನ್ನು ದಾವೆ ಮುಗಿಯುವ ತನಕ ಠೇವಣಿ ಇಡುತ್ತೇನೆ ಎಂದು ಬರೆದರೆ ಅವರಿಗೂ ಧೈರ್ಯ ಬರುತ್ತದೆ, ಕೋರ್ಟಿಗೂ ನಿಮ್ಮ ಪ್ರಾಮಾಣಿಕತೆ ತೋರಿಸಲು ಒಂದು ಕಾಗದ ಸಿಗುತ್ತದೆ.

ಹಣ ಬ್ಯಾಂಕಿನ ಮೂಲಕವೇ ಬರಲಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೂ ನಿಷೇಧ ಇದೆ. ಕಾಗದದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ತಕ್ಕೊಂಡರೆ "ಕಮ್ಮಿಗೆ ಮಾರಿ ಆಸ್ತಿ ಮುಚ್ಚಿಟ್ಟರು" ಎಂಬ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ. 9/11 ನಕಲು, ತೆರಿಗೆ ರಶೀದಿ, ಬ್ಯಾಂಕಿನ ಅಡವು ಇದ್ದರೆ ಅದರ ತೀರುವಳಿ ಪತ್ರ ಎಲ್ಲ ಮಾಮೂಲಿನಂತೆ ಬೇಕು. ಸರಕಾರಿ ಮಂಜೂರಾತಿಯ ಜಾಗವಾದರೆ ಹಕ್ಕುಪತ್ರದ ಷರತ್ತುಗಳನ್ನು ಓದಿಸಿಕೊಳ್ಳಿ.

ಬಿಡಾರದಲ್ಲಿ ಇರುವವರಿಗೆ

ನೀವು ಬಾಡಿಗೆಗೆ ಇರುವವರಾದರೆ, ಮನೆ ಮಾರಾಟವಾಯಿತು ಎಂದ ಮಾತ್ರಕ್ಕೆ ಮರುದಿನವೇ ಪಾತ್ರೆಪಗಡಿ ಕಟ್ಟಬೇಕಾಗಿಲ್ಲ. ಕೊಂಡವರು ನಿಮ್ಮ ಹೊಸ ಯಜಮಾನರಾಗುತ್ತಾರೆ, ಅಷ್ಟೆ. ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಇರುವವರನ್ನು ಬಿಡಿಸಬೇಕಾದರೆ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಕನಿಷ್ಠ 15 ದಿನದ ಲಿಖಿತ ನೋಟೀಸು ಬೇಕು. ಆಮೇಲೂ ಬಿಡದಿದ್ದರೆ ಕೋರ್ಟಿನ ಮೂಲಕ ಹೋಗಬೇಕೇ ಹೊರತು ಬೀಗ ಒಡೆದು ಸಾಮಾನು ಹೊರಗೆ ಹಾಕುವಂತಿಲ್ಲ. ನಿಮ್ಮ ಮುಂಗಡ ಹಣ ಇನ್ನು ಯಾರ ಹತ್ತಿರ ಎಂದು ಹಳೆಯವರಿಂದಲೂ ಹೊಸಬರಿಂದಲೂ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಗಾಯದ ದಾವೆ ಹಳೆಯ ಯಜಮಾನರ ಮೇಲೆಯೇ ಮುಂದುವರಿಯುತ್ತದೆ. ಮಾರಿದ ಮಾತ್ರಕ್ಕೆ ಅವರ ಹೊಣೆ ಕಳೆಯುವುದಿಲ್ಲ. ಇನ್ನೂ ದಾವೆ ಹಾಕದವರು ನೆನಪಿಡಿ, ಗಾಯದ ಪರಿಹಾರಕ್ಕೆ ಸಾಮಾನ್ಯವಾಗಿ ಘಟನೆಯಿಂದ 3 ವರ್ಷ ಅವಧಿ. ಪ್ರಾಣ ಹೋದ ಪ್ರಕರಣದಲ್ಲಿ ಮನೆಯವರಿಗೆ ಮರಣದಿಂದ 2 ವರ್ಷ ಮಾತ್ರ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಬಿಲ್ಲು, ಕೆಲಸಕ್ಕೆ ಹೋಗಲಾಗದ ದಿನಗಳ ಲೆಕ್ಕ, ಮೆಟ್ಟಿಲಿನ ಫೋಟೋ, ರಿಪೇರಿ ಮಾಡಿಸಿ ಎಂದು ಕಳಿಸಿದ ವಾಟ್ಸಾಪ್ ಸಂದೇಶ, ಇವನ್ನು ಮೊಬೈಲಿನಿಂದ ಅಳಿಸದೆ ಇಟ್ಟುಕೊಳ್ಳಿ. ಇನ್ನು ಮುಂದೆ ರಿಪೇರಿ ಬೇಕಾದಾಗ ಬಾಯಲ್ಲಿ ಹೇಳುವುದರೊಟ್ಟಿಗೆ ಒಂದು ಸಂದೇಶವನ್ನೂ ಕಳಿಸಿ. ಸಿಟ್ಟು ಬೇಡ, ಎರಡು ಸಾಲು ಸಾಕು.

ರಾಜಿಯ ದಾರಿ

ನಮ್ಮ ಉದಾಹರಣೆಯ ಇಬ್ಬರು ಅಕ್ಕಂದಿರಿಗೂ ಅಸಲಿಗೆ ಬೇಕಾದದ್ದು ಬೇಗ ಸಿಗುವ ಹಣ. ಒಬ್ಬರಿಗೆ ಮಗಳ ಫೀಸು, ಇನ್ನೊಬ್ಬರಿಗೆ ಆಸ್ಪತ್ರೆ ಸಾಲ. ದಾವೆ ವರ್ಷಗಟ್ಟಲೆ ಎಳೆದರೆ ಎರಡೂ ಆಗುವುದಿಲ್ಲ. ಮನೆ ಮಾರಿದ ಹಣದಲ್ಲೇ ಒಂದು ಭಾಗ ಕೊಟ್ಟು ರಾಜಿ ಮಾಡುವುದು ಇಂಥ ಕಡೆ ಬಹಳ ಸಲ ಉತ್ತಮ. ಗಿರಾಕಿಗೂ ತೊಡಕಿಲ್ಲದ ಮನೆ ಸಿಗುತ್ತದೆ. ಆದರೆ ರಾಜಿಯನ್ನು ಅಂಗಡಿ ಜಗಲಿಯಲ್ಲಿ ಮಾಡಿ ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳಬೇಡಿ. ಕೋರ್ಟಿನಲ್ಲಿರುವ ದಾವೆಯನ್ನು ಲೋಕ ಅದಾಲತ್‌ಗೆ ಕಳಿಸಲು ಎರಡೂ ಕಡೆಯವರು ಕೇಳಬಹುದು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಯಷ್ಟೇ ಬಲವುಳ್ಳದ್ದು, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಅಪೀಲು ಇಲ್ಲ ಎಂಬುದನ್ನು ಎರಡು ಸಲ ಓದಿ. ಒಪ್ಪುವ ಮೊದಲು ಮೊತ್ತ, ಕಂತು, ಕೊನೆಯ ದಿನ ಎಲ್ಲವನ್ನೂ ಸರಿಯಾಗಿ ಯೋಚಿಸಿರಬೇಕು. ಸಂಘದ ಅಧ್ಯಕ್ಷೆಯರು ಇಬ್ಬರನ್ನೂ ಮಾತಿಗೆ ಕೂರಿಸಬಹುದು, ಆದರೆ ಮೊತ್ತ ನಿರ್ಧರಿಸುವ ನ್ಯಾಯಾಧೀಶರಾಗುವುದು ಬೇಡ. ಸಂಘ ಒಡೆಯುವುದು ಅಲ್ಲಿಂದಲೇ.

ವಕೀಲರಿಗೆ ಫೀಸು ಎಲ್ಲಿಂದ ಎಂದು ಸುಮ್ಮನಿರಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ, 1987ರ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ದಾವೆ ಹಾಕಿದವರಿಗೂ ಇದೆ, ದಾವೆ ಎದುರಿಸುವವರಿಗೂ ಇದೆ. ಬೆಳ್ತಂಗಡಿ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಮಂಗಳೂರಿನ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 15100 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಹೋಗುವಾಗ ಸಮನ್ಸ್ ಮತ್ತು ದಾವೆಯ ಪ್ರತಿ, ಬಾಡಿಗೆ ಕರಾರು ಅಥವಾ ಬಾಡಿಗೆ ಕೊಟ್ಟ ಚೀಟಿ, ಆಧಾರ್ ಪ್ರತಿ, ಫೋಟೋಗಳನ್ನು ತಕ್ಕೊಂಡು ಹೋಗಿ. ಗಿರಾಕಿಯಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೋಗಿ. ಅಡ್ವಾನ್ಸ್ ಖರ್ಚಾದ ಮೇಲೆ ಹೋದರೆ ವಕೀಲರಿಗೂ ಹೆಚ್ಚೇನು ಮಾಡಲಿಕ್ಕೆ ಉಳಿದಿರುವುದಿಲ್ಲ.